ಮನೆ ಒಕ್ಕಲಿನ ದಿನ ಕಳೆದ ತಾಳಿ

ತಾಳಿ ಇರಲಿಲ್ಲ.

ವೀರಮ್ಮ ಪೆಟ್ಟಿಗೆಯೊಳಗೆ ಮತ್ತೊಮ್ಮೆ ಕೈಯಾಡಿಸಿದಳು. ರೇಷ್ಮೆ ಸೀರೆ ಇತ್ತು. ಬಂಗಾರದ ಅವಲಕ್ಕಿ ಸರ ಇತ್ತು. ಪೆಟ್ಟಿಗೆಯ ಹಿಂದೆ ಬಾಸಿಂಗದ ಬುಟ್ಟಿಯೂ ಇತ್ತು. ಅರಿಶಿನದ ಬಟ್ಟೆಯಲ್ಲಿ ಸುತ್ತಿಟ್ಟ ತಾಳಿ ಮಾತ್ರ— ಇಲ್ಲ!

ಹೊರಗೆ ಚಪ್ಪರದಡಿ ನೂರೈವತ್ತು ಜನ ಕೂತಿದ್ದರು. ತಾಳ್ಯ ಊರಿನ ಅರ್ಧ ಜನ ಅಲ್ಲೇ ಇದ್ದರೆನ್ನಿ. ಅವರೆಲ್ಲ ಬಂದದ್ದು ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶದ ಊಟಕ್ಕೆ. ತಾವು ಕೂತಿರುವುದು ಮದುವೆ ಚಪ್ಪರದಲ್ಲಿ ಅಂತ ಅವರಿಗೆಲ್ಲಿ ಗೊತ್ತು? ಗೊತ್ತಾಗಬಾರದು ಅಂತಲೇ ಅಲ್ಲವೆ, ವೀರಮ್ಮ ಒಂದು ತಿಂಗಳು ನಾಲಗೆ ಕಚ್ಚಿಕೊಂಡು ಓಡಾಡಿದ್ದು! ಮಗಳು ಹಾಲಮ್ಮನಿಗೆ ನಿಶ್ಚಯವಾಗಿದ್ದ ಎರಡು ಸಂಬಂಧ ಮುರಿದು ಬಿದ್ದಿದ್ದವು. ಎರಡು ಸಲವೂ ಮಾತು ಸಂತೆಗೆ ಹೋಗಿ, ಅಲ್ಲಿ ಕೈಕಾಲು ಬೆಳೆಸಿಕೊಂಡು, ಗಂಡಿನ ಮನೆ ಮುಟ್ಟಿತ್ತು. ಮೂರನೆಯದೂ ಮುರಿದರೆ ಹುಡುಗಿಯನ್ನು ಕೇಳುವವರು ಯಾರು? ಅದಕ್ಕೇ ಈ ಉಪಾಯ. ಗಂಡು ಶಿವಕುಮಾರಪ್ಪ ಹೊಸದುರ್ಗದ ಕಡೆಯವನು. ಈಗ ನೆಂಟರ ನಡುವೆ ನೆಂಟನಾಗಿ ಸುಮ್ಮನೆ ಕೂತಿದ್ದ.

ವೀರಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಕರೆದಳು.

“ದಫೇದಾರ್ರೇ, ಸ್ವಲ್ಪ ಒಳಗೆ ಬರ್ರಿ.”

ತಿಮ್ಮರಾಯಪ್ಪ ಚಿತ್ರದುರ್ಗದಲ್ಲಿ ಮೂವತ್ತು ವರ್ಷ ಪೊಲೀಸ್ ದಫೇದಾರರಾಗಿದ್ದು, ಪೆನ್ಷನ್ ಪಡೆದು ಊರಿಗೆ ಬಂದವರು. ವಿಷಯ ಕೇಳಿ ಅವರ ಹುಬ್ಬು ಮೇಲೇರಿತು.

“ಮದುವೇನಾ? ಇವತ್ತಾ? ಉಂಡು ಎದ್ದು ಹೋಗಾಣ ಅಂತಿದ್ದೆನಲ್ಲ ತಾಯಿ!”

“ನಗಬ್ಯಾಡ್ರಿ. ಇನ್ನೊಂದು ತಾಸಿಗೆ ಮುಹೂರ್ತ ಐತೆ.”

“ಪೆಟ್ಟಿಗೆಗೆ ಬೀಗ ಹಾಕಿರಲಿಲ್ವ?”

“ಹಾಕಿದ್ರೆ ಯಾಕೆ ಹಾಕಿದೆ ಅಂತ ಕೇಳ್ತಾರಲ್ಲ!”

“ಸರಿ. ಬೆಳಗ್ಗೆಯಿಂದ ಈ ಕೋಣೆಗೆ ಯಾರ್ಯಾರು ಬಂದಿದ್ರು?”

“ಬೆಳಗ್ಗೆ ಎದ್ದಾಗ ತಾಳಿ ಇತ್ತು. ಆಮೇಲೆ ಒಲೆ ಮುಂದಿಂದ ನಾನೇ ನೋಡ್ತಿದ್ದೆ. ಮೂರೇ ಜನ. ಪಕ್ಕದ ಮನೆ ಚಂದ್ರಕ್ಕ, ಕುಂಕುಮದ ಭರಣಿಗೆ. ಅಡುಗೆ ಸಣ್ಣಪ್ಪ, ತುಪ್ಪದ ಗಡಿಗೆಗೆ. ಮತ್ತೆ ನಮ್ಮಣ್ಣ ಮುರುಗಪ್ಪ. ಮೊನ್ನೇನೇ ಐಮಂಗಲದಿಂದ ಬಂದವ್ನೆ. ಅವನ ರುಮಾಲು ಇಲ್ಲಿತ್ತು.”

“ಇವರಲ್ಲಿ ಮದುವೆ ವಿಷಯ ಯಾರಿಗೆ ಗೊತ್ತು?”

“ಒಬ್ರಿಗೂ ಇಲ್ಲ.”

“ಒಡಹುಟ್ಟಿದ ಅಣ್ಣಂಗೂ?”

ವೀರಮ್ಮ ತಲೆ ತಗ್ಗಿಸಿದಳು. “ಹೆಂಗೆ ಹೇಳ್ಲಿ? ಅವನ ಬಾಯಾಗೆ ಎಳ್ಳುಕಾಳು ನೆನೆಯಲ್ಲ. ಹಿಂದಿನ ಎರಡು ಸಲಾನೂ ಹಿರಿಯೂರು ಸಂತೇಲಿ ಸಾರಿಕೊಂಡು ಬಂದೋನು ಅವನೇ. ಪಾಪ, ಖುಷಿಗೆ ಹೇಳಿದ್ದ. ಕೇಳಿದೋರು ಕಡ್ಡೀನ ಗುಡ್ಡ ಮಾಡಿದ್ರು.”

ದಫೇದಾರರು ಅವಲಕ್ಕಿ ಸರವನ್ನು ಎತ್ತಿ ತೂಗಿ ನೋಡಿದರು.

“ಇಷ್ಟು ಭಾರದ ಸರ ಬಿಟ್ಟು ಚೋಟುದ್ದದ ತಾಳಿ ತಗಂಡವ್ನೆ. ಬಂಗಾರದ ಆಸೆಗೆ ಕದ್ದದ್ದಲ್ಲ ಇದು.”

ಸಣ್ಣಪ್ಪನನ್ನು ಕರೆಸಿದರು. “ತುಪ್ಪ ಬಿಟ್ಟು ಬೇರೇನಾದ್ರೂ ಮುಟ್ಟಿದ್ರೆ ನನ್ನ ಕೈ ಬಿದ್ದು ಹೋಗ್ಲಿ!” ಎಂದು ಅವನು ಸೌಟು ಹಿಡಿದೇ ಆಣೆಯಿಟ್ಟ.

ಚಂದ್ರಕ್ಕ ಬಂದವಳೇ ಪ್ರಶ್ನೆ ತಾನೇ ಶುರುಮಾಡಿದಳು. “ಏನು ಕಳೀತು? ಯಾರದು? ಯಾವಾಗ?”

“ಏನೂ ಕಳೆದಿಲ್ಲ ಕಣಮ್ಮ. ಬೆಳಗ್ಗೆ ಮಂಡಕ್ಕಿ ಉಸುಲಿ ಬಡಿಸಿದ್ದು ನೀನಲ್ವ? ಎಲ್ರೂ ತಿಂದ್ರಾ?”

“ತಿನ್ನದೇನು! ನೀವೇ ಮೂರು ಸಲ ಹಾಕಿಸ್ಕಂಡ್ರಲ್ಲ! ನೆಂಟರಾಗೆ ಇಬ್ರು ಮಾತ್ರ ಒಲ್ಲೆ ಅಂದ್ರು. ಒಬ್ಬ ಆ ಹೊಸದುರ್ಗದ ಹುಡುಗ. ಇನ್ನೊಬ್ರು ಮುರುಗಪ್ಪಣ್ಣ. ನೀರಾದ್ರೂ ಕುಡೀರಿ ಅಂದ್ರೆ ಅದೂ ಬ್ಯಾಡಂತೆ.”

ವೀರಮ್ಮನಿಗೆ ಮೈಯೆಲ್ಲ ಉರಿಯಿತು. ತಾಳಿ ಹೋಗಿ ತಾನು ಸಾಯುತ್ತಿದ್ದರೆ ಈ ದಫೇದಾರನಿಗೆ ಉಸುಲಿಯ ಚಿಂತೆಯೆ!

ದಫೇದಾರರು ಜಗಲಿಗೆ ಹೋದರು. ಮುರುಗಪ್ಪ ಕಂಬಕ್ಕೊರಗಿ ಮುಖ ಊದಿಸಿಕೊಂಡು ಕೂತಿದ್ದ.

“ಏನಪ್ಪ, ಹೊಟ್ಟೆ ಸರಿ ಇಲ್ವ?”

“ಹಸಿವಿಲ್ಲ.”

“ಹೊತ್ತು ಇಷ್ಟೇರಿದ್ರೂ?”

“ಇಲ್ಲ ಅಂದ್ನಲ್ಲ ದಫೇದಾರ್ರೇ!”

ತಿಮ್ಮರಾಯಪ್ಪ ನಗುತ್ತಲೇ ಒಳಗೆ ಬಂದರು.

“ವೀರಮ್ಮ, ನಿಮ್ಮ ಮನೆತನದಾಗೆ ಹುಡುಗಿಗೆ ಬಾಸಿಂಗ ಕಟ್ಟೋರು ಯಾರು?”

“ಸೋದರಮಾವ.”

“ಅವನಿಗೇನು ಕಟ್ಟುಪಾಡು?”

“ಅಕ್ಕಿಕಾಳು ಬೀಳೋ ತನಕ ನೀರೂ ಮುಟ್ಟಂಗಿ—”

ವೀರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ನೋಡು ತಾಯಿ, ಮನೆ ಒಕ್ಕಲಿಗೆ ಬಂದ ನೆಂಟ ಯಾಕೆ ಉಪವಾಸ ಇರ್ತಾನೆ? ಉಪವಾಸ ಇದ್ದೋರು ಇಬ್ರು. ಒಬ್ಬ ಮದುವೆ ಗಂಡು, ಸರಿ. ಇನ್ನೊಬ್ಬ? ನೀನು ಹೇಳದೇ ಇದ್ರೂ ಅವನಿಗೆ ಗೊತ್ತು! ತಾಳಿ ತಗಂಡೋನು ನಿಮ್ಮಣ್ಣನೇ. ಆದ್ರೆ ಹೆದರಬ್ಯಾಡ. ಮದುವೆ ನಿಲ್ಸೋ ಮನಸ್ಸಿದ್ದೋನು ಉಪವಾಸ ಇರಲ್ಲ.”

ವೀರಮ್ಮ ಜಗಲಿಗೆ ಓಡಿದಳು. ತಂಗಿಯ ಮುಖ ಕಂಡದ್ದೇ ತಡ, ಮುರುಗಪ್ಪ ರುಮಾಲಿನ ಸುತ್ತು ಬಿಚ್ಚಿ ಅರಿಶಿನದ ಗಂಟು ತೆಗೆದ.

“ಬಾಸಿಂಗದ ಬುಟ್ಟಿ ಮೊನ್ನೇನೇ ಕಂಡೆ ಕಣೇ. ಈಗ ಹೇಳ್ತಾಳೆ, ಆಗ ಹೇಳ್ತಾಳೆ ಅಂತ ಕಾದೆ. ತಾಳಿ ಕಾಣದಿದ್ರೆ ಅಣ್ಣಾ ಅಂತ ನನ್ನ ಹತ್ರ ಓಡಿ ಬರ್ತಾಳೆ ಅಂದ್ಕಂಡೆ. ನೀನು ದಫೇದಾರ್ರ ಹತ್ರ ಹೋದೆ.” ಅವನು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. “ಎರಡು ದಿನ ಆತು ವೀರಿ. ಯಾರಿಗಾದ್ರೂ ಹೇಳಿದ್ನಾ?”

ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಒಂದು ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲದ ಅಣ್ಣ ಎರಡು ದಿನ ತುಟಿ ಬಿಚ್ಚಿರಲಿಲ್ಲ. ವೀರಮ್ಮನಿಗೆ ಅಳು ತಡೆಯಲಾಗಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಎಲೆ ಅಡಿಕೆ ತಂದು, ಅವನ ಮುಂದಿಟ್ಟು, ಕಾಲಿಗೆ ಬಿದ್ದಳು.

“ತಪ್ಪಾತಣ್ಣ. ನಿನ್ನ ಸೋದರ ಸೊಸೆ ಮದುವೆ ಐತೆ. ಮುಂದೆ ನಿಂತು ನಡೆಸಿಕೊಡು.”

“ಹೌದಾ! ಮುಹೂರ್ತ ಎಷ್ಟೊತ್ತಿಗೆ?” ಎಂದ ಮುರುಗಪ್ಪ, ಏನೂ ಅರಿಯದವನಂತೆ.

“ಇನ್ನು ಕಾಲು ತಾಸು.”

“ಇಷ್ಟು ತಡ ಮಾಡಿ ಹೇಳೋದೇನೇ?” ಎಂದು ಗದರಿ, ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡ. ತಾಳಿಯನ್ನು ತಂಗಿಯ ಕೈಗಿಟ್ಟ. ರುಮಾಲು ಕಟ್ಟಿಕೊಂಡು ಚಪ್ಪರದ ನಡುವೆ ಹೋಗಿ ನಿಂತ.

“ಏನ್ರಪ್ಪಾ, ಎಲ್ರೂ ಕೇಳ್ರಿ! ಇದು ಒಕ್ಕಲಲ್ಲ! ನಮ್ಮ ಹಾಲಮ್ಮನ ಮದುವೆ!”

ಚಪ್ಪರವೆಲ್ಲ ಗೊಳ್ಳೆಂದಿತು. ಹೊಸದುರ್ಗದ ಹುಡುಗ ನಾಚಿ ತಲೆ ಬಗ್ಗಿಸಿದ. ವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು ಹೇಳಿದಳು:

“ಇನ್ನೂ ಜೋರಾಗಿ ಕೂಗಣ್ಣ.”