ಅಪ್ಪನ ತೊಡೆ

"ಇದೇನು ವಸಂತಾ? ನಿಮ್ಮನೇಲಿ ಯಾರಿಗೆ ಡಯಾಪರ್?"

ಮೈಸೂರಿನಿಂದ ಮದುವೆಗೆ ಬಂದಿಳಿದಿದ್ದ ಓರಗಿತ್ತಿ ಶೋಭಾ ಬಚ್ಚಲಲ್ಲಿ ಸಿಕ್ಕಿದ ಪೊಟ್ಟಣವನ್ನು ಎತ್ತಿ ಹಿಡಿದು ನಡುಮನೆಗೇ ಬಂದುಬಿಟ್ಟರು! ಮದುವೆಗೆ ಇನ್ನೆರಡೇ ದಿನ. ಕೋಲ್ಕತ್ತಾದ ಸಾಲ್ಟ್ ಲೇಕಿನ ಆ ಫ್ಲ್ಯಾಟಿನಲ್ಲಿ ಹೂ ಕಟ್ಟುತ್ತಿದ್ದವರ ಕೈಗಳೆಲ್ಲ ನಿಂತವು. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ತಲೆಯೆತ್ತಿ ದುಡಿದ ನರಹರಿ ಈಗ ಮಗಳೆದುರು ತಲೆ ತಗ್ಗಿಸಿದರು.

"ನಂದೇ ಅತ್ತಿಗೆ..."

ಐದು ತಿಂಗಳ ಹಿಂದೆ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿತ್ತು. ರೋಗ ಹೋಯಿತು, ಜೊತೆಗೆ ಮೂತ್ರದ ಹಿಡಿತವೂ ಹೋಯಿತು. ಕೆಮ್ಮಿದರೆ, ಎದ್ದರೆ, ಜಾರಿಬಿಡುತ್ತಿತ್ತು. ಹೆಂಡತಿ ವಸಂತಾರನ್ನು ಬಿಟ್ಟು ಮನೆಯವರಲ್ಲಿ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ.

"ಅಯ್ಯಂಗಾರರ ಮನೆ ಮದುವೆ ಇದು! ತಾಳಿ ಕಟ್ಟೋವಾಗ ಹುಡುಗಿ ಅಪ್ಪನ ತೊಡೆ ಮೇಲೆ ಕೂರ್ಬೇಕು. ಮಡಿಯಲ್ಲಿರೋವಾಗ ಹೀಗೇನಾದ್ರೂ ಆದ್ರೆ? ನಮ್ಮ ಯಜಮಾನ್ರು ಕೂರ್ತಾರೆ ಬಿಡು. ದೊಡ್ಡಪ್ಪ ತಾನೇ!"

"ಆಗಲಿ ಅತ್ತಿಗೆ..." ಎಂದರು ನರಹರಿ. ಇರುವವಳು ಒಬ್ಬಳೇ ಮಗಳು. ಆ ಒಂದು ಗಳಿಗೆಯೂ ಕೈತಪ್ಪಿತು!

"ಆಗಲ್ಲ!" ಎಂದರು ವಸಂತಾ. ಮದುವೆಯಾದಾಗಿನಿಂದ ಓರಗಿತ್ತಿಗೆ ಎದುರಾಡದ ಹೆಂಗಸು! "ಮೊದಮೊದಲು ನೀರು ಕುಡಿಯೋದನ್ನೇ ಬಿಟ್ಟು ಉರಿಮೂತ್ರ ತರಿಸ್ಕೊಂಡ್ರು. ಫಿಜಿಯೋ ದೀದಿ ಬೈದು ಬೈದು ದಾರಿಗೆ ತಂದ್ಲು. ದಿನಕ್ಕೆ ಮೂರು ಹೊತ್ತು ಮೂತ್ರ ತಡೆಯೋ ಸ್ನಾಯು ಬಿಗಿಹಿಡಿದು ಬಿಡೋ ವ್ಯಾಯಾಮ ಮಾಡ್ತಾರಕ್ಕ. ಯಾಕೆ ಗೊತ್ತಾ? ಈ ತೊಡೆ ಶಾಸ್ತ್ರಕ್ಕೆ! ದೀದಿ ಒಪ್ಪಿದ ಮೇಲೆ ಐದು ಕಿಲೋ ಅಕ್ಕಿ ಚೀಲ ತೊಡೆ ಮೇಲಿಟ್ವಿ. ಈಗ ಇಪ್ಪತ್ತೈದು ಕಿಲೋ ಇಟ್ಕೊಂಡು ಕೂರ್ತಾರೆ. ಬಟ್ಟೆ ಒದ್ದೆಯಾಗಲ್ಲ!"

ಮದುಮಗಳು ಸ್ಫೂರ್ತಿಯ ಕಣ್ಣು ತುಂಬಿತ್ತು. "ನಂಗೆ ಯಾಕೆ ಹೇಳ್ಲಿಲ್ಲ ಅಪ್ಪಾ? ದೊಡ್ಡಮ್ಮಾ, ಅಪ್ಪ ಇಲ್ದಿದ್ರೆ ನಾನು ಮಂಟಪಕ್ಕೇ ಬರಲ್ಲ. ದಟ್ಸ್ ಫೈನಲ್!"

ನರಹರಿ ತಲೆಯೆತ್ತಿದರು. "ನಾನೇ ಕೂರ್ತೀನಿ ಅತ್ತಿಗೆ," ಎಂದರು. ಶೋಭಾ ಮುಖ ದಪ್ಪ ಮಾಡಿಕೊಂಡು ಪೊಟ್ಟಣವನ್ನು ಇದ್ದಲ್ಲೇ ಇಟ್ಟು ಬಂದರು.

ಮುಹೂರ್ತದ ಹೊತ್ತು ಬಂತು. ಪಕ್ಕದ ಫ್ಲ್ಯಾಟಿನ ಬಂಗಾಳಿ ಬೌದಿ ಪ್ರೀತಿಯಿಂದ ಹಚ್ಚಿಟ್ಟ ಧುನೋ ಧೂಪದ ಹೊಗೆ ಮಂಟಪದ ತುಂಬ ಹರಡಿತ್ತು. ಸ್ಫೂರ್ತಿ ಬಂದು ಅಪ್ಪನ ತೊಡೆಯ ಮೇಲೆ ಕುಳಿತಳು. ಅಷ್ಟರಲ್ಲೇ ನರಹರಿಗೆ ಕೆಮ್ಮು ಒತ್ತರಿಸಿತು! ಶೋಭಾ ಕತ್ತು ಚಾಚಿದರು. ದೀದಿ ಕಲಿಸಿದಂತೆ ನರಹರಿ ಮೊದಲು ಬಿಗಿಹಿಡಿದು ಆಮೇಲೆ ಕೆಮ್ಮಿದರು. ಆದರೂ ಒಂದೆರಡು ಹನಿ ಜಾರಿತು... ಜಾರಲಿ! ಒಳಗೆ ಪ್ಯಾಡ್ ಇದೆ. ಇದೇ ಮೊದಮೊದಲಾಗಿದ್ದರೆ ಎದ್ದು ಓಡುತ್ತಿದ್ದರು. ಇಂದು ಅಲುಗಲಿಲ್ಲ.

ಆಗ ಅವರಿಗೊಂದು ಅನುಮಾನ ಬಂತು. ಇದೇನು, ಮಗಳು ಅಕ್ಕಿ ಚೀಲಕ್ಕಿಂತ ಹಗುರ? ಬಗ್ಗಿ ನೋಡಿದರೆ ಸ್ಫೂರ್ತಿ ತುದಿಗಾಲೂರಿ, ಅಪ್ಪನಿಗೆ ಭಾರವಾಗದಂತೆ ತನ್ನ ಮೈಯನ್ನು ತಾನೇ ಹೊತ್ತುಕೊಂಡಿದ್ದಳು. ಅವಳ ಕಾಲು ನಡುಗುತ್ತಿತ್ತು.

"ಭಾರ ಬಿಟ್ಟು ಕೂತ್ಕೋ ಮಗಳೇ," ಎಂದರು ಅವಳ ಕಿವಿಯಲ್ಲಿ. "ಅಪ್ಪ ತಡ್ಕೋತಾನೆ."

ಗಟ್ಟಿಮೇಳ ಮೊಳಗಿತು. ಸ್ಫೂರ್ತಿ ಕಾಲು ಸಡಿಲ ಬಿಟ್ಟು, ಮೈಭಾರವನ್ನೆಲ್ಲ ಅಪ್ಪನ ಮೇಲೆ ಹಾಕಿ ಕುಳಿತಳು.