ಎಡದ ವಾಲ್ವು, ಬಲದ ವಾಲ್ವು

"ಈ ಜೋಡಿ ಬೇಡ, ಬೇರೆ ತಗೊಳ್ಳಿ." ರೇಡಿಯೋ ರಿಪೇರಿಯ ಮುದುಕ, ಹಳೆ ರೇಡಿಯೋಗಳಲ್ಲಿ ಬಲ್ಬಿನಂತೆ ಉರಿಯುವ ಎರಡು ಗಾಜಿನ ವಾಲ್ವುಗಳನ್ನು ಮತ್ತೆ ಹತ್ತಿಯೊಳಕ್ಕೆ ತಳ್ಳಿದ. "ಹೆಂಡತಿ ಬಿಟ್ಟುಹೋಗಬಾರದು ಅಂತ ಒಬ್ಬ ಇವಕ್ಕೆ ಮಾಟ ಮಾಡಿಸಿದ್ದ. ಅವಳು ಹೋಗಲಿಲ್ಲ. ಸಾಯೋವರೆಗೆ ಮಾತೂ ಆಡಲಿಲ್ಲ. ಒಂದರಲ್ಲಿ ಅವಳಿದ್ದಾಳೆ. ಇನ್ನೊಂದು ಖಾಲಿ."

ಕೊಳ್ಳಲು ಬಂದಿದ್ದ ಗುಮಾಸ್ತ ನಕ್ಕ. "ಹೆಂಡತಿ ಬಾಯಿ ಮುಚ್ಚಿಸೋ ವಾಲ್ವಾ? ಇದನ್ನೇ ಕಟ್ಟಿಕೊಡಿ ಅಜ್ಜ."

"ಕಾದ ಮೇಲೆ ಹತ್ತಿರ ಯಾರೂ ಬಾಯಿ ಬಿಡಬೇಡಿ," ಎಂದಷ್ಟೇ ಹೇಳಿ ಮುದುಕ ಪೊಟ್ಟಣ ಕೊಟ್ಟ.

ಆ ವಾಲ್ವುಗಳನ್ನು ಹಾಕಿ ಗುಮಾಸ್ತ ಆಂಪ್ಲಿಫೈಯರ್ ಕಟ್ಟಿದ, ಸ್ವಂತ ಕೈಯಿಂದ ಕಟ್ಟಿದ ಮೊದಲನೆಯದು. ಮೂರು ಭಾನುವಾರ ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದ್ದ. ನಾಲ್ಕನೆಯ ಭಾನುವಾರ ಮಧ್ಯಾಹ್ನ, ಹೆಂಡತಿ ಡ್ಯೂಟಿಗೆ ಹೋದ ಮೇಲೆ, ಸ್ವಿಚ್ ಒತ್ತಿದ. ಗಾಜಿನೊಳಗೆ ಕಿತ್ತಳೆ ಬಣ್ಣದ ಎಳೆಗಳು ಕಣ್ಣು ಬಿಟ್ಟವು. ಸುಟ್ಟ ಧೂಳಿನ ವಾಸನೆ. ಅದರ ಹಿಂದೆಯೇ, ಬಹಳ ಕಾಲ ಮುಚ್ಚಿದ್ದ ಬಾಯಿಯ ವಾಸನೆ.

ಆರು ವರ್ಷದ ಮಗಳು ಮೇಜಿಗೆ ಗದ್ದ ಊರಿ ನಿಂತಿದ್ದಳು. ಮನೆಯಲ್ಲಿ ಅವಳ ಬಾಯಿ ನಿಂತದ್ದನ್ನು ಕಂಡವರಿಲ್ಲ.

"ನಾನು ಮಾತಾಡ್ಲಾ ಅಪ್ಪ?"

"ಆಡು ಪುಟ್ಟಿ. ಒಳಗೊಬ್ಬ ಅಜ್ಜಿ ಇದ್ದಾಳಂತೆ, ಕೂಗು."

ಅವಳು ಗಾಜಿಗೆ ಬಾಗಿ, "ಅಜ್ಜೀ," ಎಂದಳು.

"ಅಜ್ಜೀ," ಎಂದಿತು ಎಡಗಡೆಯ ಸ್ಪೀಕರ್.

ಮಗಳ ತುಟಿ ಮತ್ತೆ ಅಲುಗಿತು. ಸದ್ದಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣು ತುಂಬಿತು. ಉಸಿರಷ್ಟೇ. ಅಳು ಕೇಳಿಸಿದ್ದು ಸ್ಪೀಕರಿನಿಂದ. "ಅಪ್ಪಾ, ಇಲ್ಲಿ ಏನೂ ಕಾಣಿಸ್ತಿಲ್ಲ."

 ಅವನು ಮುದುಕನಿಗೆ ಫೋನ್ ಮಾಡಿ ಆದದ್ದನ್ನು ಹೇಳಿದ.

ಮುದುಕ ಹೇಳಿದ, "ಮಗು ಇರೋ ಗಾಜನ್ನ ಒಡೀರಿ. ಕಾವು ಆರೋದ್ರೊಳಗೆ. ಆರಿದ್ರೆ ಹೋಯ್ತು. ಇನ್ನೊಂದನ್ನ ಮಾತ್ರ ಮುಟ್ಟಬೇಡಿ."

ಅಳು ಎಡದಿಂದ ಬರುತ್ತಿತ್ತು. ಎಡದ ವಾಲ್ವು. ಇಕ್ಕಳ ಎತ್ತಿದ. ಹೊಡೆದ.

ಗಾಜು ಸಿಡಿಯಿತು. ಗಾಳಿ ಸುಯ್ ಎಂದು ಒಳನುಗ್ಗಿತು. ವಾಲ್ವಿನ ನೆತ್ತಿಯೊಳಗಿನ ಬೆಳ್ಳಿ ಲೇಪ ಹಾಲಿನಂತೆ ಬಿಳಿಚಿತು. ಇಕ್ಕಳ ಎಲ್ಲೋ ತಗುಲಿ ಕಿಡಿ ಹಾರಿತು. ಫ್ಯೂಸ್ ಹೋಯಿತು.

ಮಗಳು ಕೆಮ್ಮಿದಳು. ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಇದ್ಯಾರ ಕೈ, ಇಷ್ಟು ಚಿಕ್ಕದು?" ಅವಳ ಬಾಯಿಂದ ಬಂದದ್ದು ತುಕ್ಕು ಹಿಡಿದ, ಮುಪ್ಪಾದ ಹೆಂಗಸಿನ ದನಿ.

ಅವನು ಎಡ ಸ್ಪೀಕರಿನ ವೈರನ್ನು ಬೆರಳಿನಿಂದ ಹಿಂಬಾಲಿಸಿದ. ಅದು ಹೋಗಿದ್ದು ಬಲದ ವಾಲ್ವಿಗೆ. ಪೆಟ್ಟಿಗೆ ಬೋರಲು ಹಾಕಿ ಬೆಸುಗೆ ಹಾಕುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹೊಸಬರೆಲ್ಲ ಮಾಡುವ ತಪ್ಪು.

ಕರೆಂಟ್ ಹೋಗಿದ್ದರೂ ಬಲದ ಗಾಜು ಉಳಿದ ಕಾವಿನಲ್ಲಿ ಇನ್ನೂ ಉರಿಯುತ್ತಿತ್ತು. ಕಿತ್ತಳೆ, ಕೆಂಪಾಗುತ್ತಿತ್ತು. "ಅಪ್ಪಾ, ಬೇಗ..." ಸ್ಪೀಕರಿನ ದನಿ ತೆಳ್ಳಗಾಗುತ್ತಿತ್ತು.

ಇಕ್ಕಳ ಎತ್ತಿದ. ಮಗಳ ಪುಟ್ಟ ಕೈ ಅವನ ಮಣಿಕಟ್ಟನ್ನು ಹಿಡಿಯಿತು. ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ. ಕಬ್ಬಿಣದ ಹಿಡಿತ.

"ಬೇಡ," ಎಂದಿತು ಮುಪ್ಪಾದ ದನಿ, ಬೇಡಿಕೊಳ್ಳುವಂತೆ. "ಅವಳು ಬಂದ್ರೆ ನಾನೆಲ್ಲಿಗೆ ಹೋಗಲಿ?"

ಬಲದ ಗಾಜಿನೊಳಗಿನ ಕೆಂಪು ಕಪ್ಪಾಯಿತು.