ಬದಲಿಗೆ ಬಂದವಳು

"ಆ ಆರ್ಡರ್ ತಂದಿದ್ದು ಯಶಶ್ರೀನೇ ಅಂತ ಹೇಳ್ಬಿಡು! ನಿನ್ನ ಗಂಟೇನು ಹೋಗುತ್ತೆ?"

ಬಾಣಂತಿ ಕೋಣೆಯ ಬಾಗಿಲಲ್ಲಿ, ಸಾಂಬ್ರಾಣಿ ಹೊಗೆಯ ನಡುವೆ ನಿಂತು ಜಾನಕಮ್ಮ ಗುಡುಗಿದಾಗ ಸೊಸೆ ಮೈತ್ರೇಯಿಯ ಕೈಯಲ್ಲಿ ನಾದಿನಿಯ ಮಗುವಿನ ಒದ್ದೆ ಬಟ್ಟೆಗಳಿದ್ದವು. ಆ ಆರ್ಡರ್ ಯಾರದೆಂದು ಕೇಳಲು ಇನ್ನೇನು ಕಂಪನಿಯ ಮ್ಯಾನೇಜರ್ ಮಹಾನಂದ ಫೋನ್ ಮಾಡುವ ಹೊತ್ತು.

ನೋಡಿ, ಮಗಳು ಯಶಶ್ರೀ ಹೆರಿಗೆಗೆಂದು ಬಸವನಗುಡಿಯ ಈ ತವರಿಗೆ ಬಂದಾಗ, ಅವಳ ಸೇಲ್ಸ್ ಎಕ್ಸಿಕ್ಯುಟಿವ್ ಕೆಲಸಕ್ಕೆ ಬದಲಿಯಾಗಿ ಸೊಸೆಯನ್ನು ಅಟ್ಟಿದ್ದು ಇದೇ ಜಾನಕಮ್ಮ! ಹೊರಗಿನವರು ಬಂದು ಕೂತರೆ ಮಗಳ ಕುರ್ಚಿಗೇ ಸಂಚಕಾರ. ಸೊಸೆಯಾದರೆ ಹೇಳಿದ ಹಾಗೆ ಕೇಳಿಕೊಂಡಿರುತ್ತಾಳಲ್ಲ! ಹೋಟೆಲುಗಳಿಗೆ ದೊಡ್ಡ ಗ್ರೈಂಡರ್ ಮಾರುವ ಕೆಲಸ. ಕೆಲವೇ ತಿಂಗಳಿಗೆ ಹೊಸದೇಕೆಂದು ಕಂಪನಿಯವರು ಮೈತ್ರೇಯಿಗೆ ಕೊಟ್ಟ ವಿಸಿಟಿಂಗ್ ಕಾರ್ಡಿನಲ್ಲಿಯೂ ನಾದಿನಿಯದೇ ಹೆಸರು. ಬದಲಿಗೆ ಬಂದವಳು ಎಂದರೆ ಸಾಕು, "ಟೆಂಪರರಿನಾ ಮೇಡಂ? ಪರ್ಮನೆಂಟ್‌ನೋರು ಬರ್ಲಿ, ನೋಡೋಣ" ಎಂದು ಹೋದಲ್ಲೆಲ್ಲ ಬಾಗಿಲಿನಿಂದಲೇ ಸಾಗಹಾಕಿದರು. ಬಸ್‌ಸ್ಟಾಪಿನಲ್ಲಿ ನಿಂತು ಎಷ್ಟು ಸಲ ಅತ್ತಳೋ ಪಾಪ... ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮನೆಯಲ್ಲೇ ಅಕ್ಕಿ, ಉದ್ದಿನಬೇಳೆ ನೆನೆಸಿ ಹೊತ್ತೊಯ್ದು, ಅಡುಗೆಭಟ್ಟರ ಕಣ್ಣೆದುರೇ ಕಂಪನಿಯ ಡೆಮೊ ಗ್ರೈಂಡರಿನಲ್ಲಿ ರುಬ್ಬಿ ತೋರಿಸತೊಡಗಿದಳು. "ಮನೇಲಿ ರುಬ್ಬೋದು ಸಾಲ್ದು ಅಂತ ಊರಿಗೆಲ್ಲ ರುಬ್ಕೊಡ್ತಾಳೆ ಮಹಾತಾಯಿ!" ಎಂದು ಅತ್ತೆ ಮೂದಲಿಸಿದರು. ಆದರೆ ಚಾಮರಾಜಪೇಟೆಯ ಹೋಟೆಲ್ ಮಾಲೀಕ ಕೈಲಾಸ್ ಒಂದು ಚೂರು ಉದ್ದಿನ ಹಿಟ್ಟನ್ನು ನೀರಿಗೆ ಬಿಟ್ಟು, ಅದು ಹಗುರಾಗಿ ತೇಲಿದ್ದನ್ನು ಕಂಡು, ಕಾರ್ಡಿನ ಹೆಸರು ಓದಿ, "ನಮ್ಮ ಎಲ್ಲಾ ಹೋಟೆಲ್‌ಗೂ ಇದನ್ನೇ ಹಾಕ್ಬಿಡಿ ಯಶಶ್ರೀ ಮೇಡಂ" ಎಂದುಬಿಟ್ಟರು!

ಯಶಶ್ರೀ ಮೇಡಂ! ಆ ಕಾರ್ಡು ಮಾಡಿದ ಅನಾಹುತ. ಈಗ ಕಂಪನಿಯವರು ಮಲ್ಲೇಶ್ವರದಲ್ಲಿ ಹೊಸ ಶೋರೂಮ್ ತೆರೆಯುತ್ತಿದ್ದರು. ಆ ಆರ್ಡರ್ ತಂದವರಿಗೇ ಅಲ್ಲಿ ಕಾಯಂ ಕೆಲಸ. ಯಶಶ್ರೀಯ ಹಳೆಯ ಕುರ್ಚಿ ಹೇಗೂ ಅವಳದೇ. ಆದರೂ ಜಾನಕಮ್ಮನಿಗೆ ಹೊಸದೂ ಮಗಳಿಗೇ ಬೇಕು!

"ಅಮ್ಮ ಹೇಳೋದೂ ಸರಿನೇ... ನೀನು ಹೇಳೋದೂ..." ಎಂದ ಗಂಡ ಅಭಿರಾಮ. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವನು ನಿಸ್ಸೀಮ.

"ಭರತ ಪಾದುಕೆ ಇಟ್ಕೊಂಡು ರಾಜ್ಯ ನೋಡ್ಕೊಂಡ ಹಾಗೆ ನೋಡ್ಕೋ ಅಂತ ನಿನ್ನ ಕಳಿಸಿದ್ದು. ನಿಂದೇ ಅಂದ್ಕೊಂಡ್ಯಾ?" ಎಂದರು ಜಾನಕಮ್ಮ.

ಮೈತ್ರೇಯಿ ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿ ನೆಟ್ಟಗೆ ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

"ಭರತ ರಾಜ್ಯ ವಾಪಸ್ ಕೊಟ್ಟ ಅತ್ತೆ, ನಾನೂ ಕೊಡ್ತೀನಿ. ಆದ್ರೆ ಅಷ್ಟು ವರ್ಷ ಆಳಿದ್ದು ನಾನಲ್ಲ ಅಂತ ಅವನು ಸುಳ್ಳು ಹೇಳ್ಲಿಲ್ಲ!"

"ಹೇಳಿ ನೋಡು! ಈ ಮನೇಲಿ ನಿನಗೆ ಜಾಗ ಇರಲ್ಲ!"

ಫೋನ್ ರಿಂಗಣಿಸಿತು. ಮೈತ್ರೇಯಿ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. "ಕೈಲಾಸ್ ಅವ್ರ ಆರ್ಡರ್ ಯಾರದು ಮೇಡಂ? ಅವ್ರು ಯಶಶ್ರೀ ಅಂತಿದಾರೆ" ಎಂದರು ಮಹಾನಂದ.

"ಕಾರ್ಡು ಯಶಶ್ರೀದು ಸರ್. ರುಬ್ಬಿದ್ದು ನಾನು, ಮೈತ್ರೇಯಿ."

ಜಾನಕಮ್ಮ ಫೋನ್ ಕಿತ್ತುಕೊಳ್ಳಲು ಮುನ್ನುಗ್ಗಿದರು. "ಯಶೂ, ನೀನಾದ್ರೂ ಹೇಳೇ!"

ಕೋಣೆಯೊಳಗಿಂದ ಯಶಶ್ರೀಯ ಬಿಕ್ಕುವ ದನಿ ಬಂತು. "ಏನು ಹೇಳ್ಲಿ ಅಮ್ಮಾ? ನನ್ನ ಮಗೂನ ಬಟ್ಟೆ ದಿನಾ ಒಗೀತಿರೋದೂ ನಾನೇ ಅಂತ ಹೇಳ್ಲಾ?... ಸರ್, ಅದು ನಮ್ಮ ಅತ್ತಿಗೆ ತಂದಿದ್ದು!"

ಜಾನಕಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. "ಹಾಗಾದ್ರೆ ಸೋಮವಾರ ಮಲ್ಲೇಶ್ವರಕ್ಕೆ ಬನ್ನಿ ಮೈತ್ರೇಯಿ ಮೇಡಂ" ಎಂದರು ಮಹಾನಂದ. "ಕಾರ್ಡು ನಿಮ್ಮ ಹೆಸರಲ್ಲೇ ಮಾಡಿಸ್ತೀನಿ."

ಸೋಮವಾರ ಮೈತ್ರೇಯಿ ಚಪ್ಪಲಿ ಮೆಟ್ಟುತ್ತಿದ್ದಳು. ಅಷ್ಟು ದಿನ ಮಾತು ಬಿಟ್ಟಿದ್ದ ಜಾನಕಮ್ಮ ಅಡುಗೆಮನೆಯಿಂದಲೇ ಕೇಳಿದರು:

"ಹೊರಟಳಪ್ಪ ಮಹಾರಾಣಿ! ಮನೆಗೆ ಹಿಟ್ಟು ರುಬ್ಬೋರು ಯಾರು?"

ಪೇಪರಿನ ಹಿಂದೆ ಅಡಗಿ ಕುಳಿತಿದ್ದ ಗಂಡನತ್ತ ತಿರುಗಿ ನೋಡಿದಳು ಮೈತ್ರೇಯಿ.

"ನಿಮ್ಮ ಮಗ ರುಬ್ಲಿ ಅತ್ತೆ. ಸದ್ಯಕ್ಕೆ ಟೆಂಪರರಿ ಅಂತ ಇಟ್ಕೊಳ್ಳಿ. ಚೆನ್ನಾಗಿ ರುಬ್ಬಿದ್ರೆ ಪರ್ಮನೆಂಟ್ ಮಾಡೋಣ!"